ಕೈತೋಟ ಪ್ರಶ್ನೋತ್ತರ: ನೀರು ಹಾಕುವ ಮುನ್ನ ನೋಡುವುದು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಗೊಬ್ಬರ, ಕೀಟ, ಕುಂಡದ ಅಳತೆಗಳ ಕುರಿತು ಕೇಳಿದವು ಕಡಿಮೆ. ತರಕಾರಿ ಬೆಳೆಯುವ ಕೆಲಸದಿಂದ ಮನಸ್ಸಿಗೆ ಏನು ದಕ್ಕುತ್ತದೆ, ದಕ್ಕದಿದ್ದರೆ ಅದಕ್ಕೆ ಕಾರಣವೇನು ಎಂದು ಕೇಳಿದವೇ ಹೆಚ್ಚು. ಈ ಎರಡು ಬಗೆಯ ಪ್ರಶ್ನೆಗಳನ್ನು ಬೇರ್ಪಡಿಸಿ ಉತ್ತರಿಸಲು ನನಗೆ ಮನಸ್ಸಾಗಲಿಲ್ಲ. ಸಸಿ ಏಕೆ ಸತ್ತಿತೆಂದು ತಿಳಿಯದವರಿಗೆ ತೋಟದಲ್ಲಿ ನೆಮ್ಮದಿ ಸಿಗುವುದು ಕಷ್ಟ. ನೆಮ್ಮದಿಯಿಂದ ಗಿಡದ ಮುಂದೆ ನಿಲ್ಲಲಾರದವರಿಗೆ ಸಸಿ ಏಕೆ ಸತ್ತಿತೆಂದು ತಿಳಿಯುವುದೂ ಅಷ್ಟೇ ಕಷ್ಟ.

ಪ್ರಶ್ನೆ: ತಾರಸಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕುಂಡಗಳಲ್ಲಿ ತರಕಾರಿ ಹಾಕಿದ್ದೇನೆ. ಆರಂಭದ ಉತ್ಸಾಹ ಈಗ ಇಲ್ಲ. ಬೆಳಿಗ್ಗೆ ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ ಅವಕ್ಕೆಲ್ಲ ನೀರು ಹಾಕುವುದೇ ದೊಡ್ಡ ಹೊರೆಯಾಗಿದೆ. ಬಿಟ್ಟುಬಿಡಲು ಮನಸ್ಸಿಲ್ಲ, ಆದರೆ ಸಂತೋಷವೂ ಇಲ್ಲ. ಏನು ಮಾಡಲಿ?

ಮೊದಲು ಕುಂಡಗಳನ್ನು ಕಡಿಮೆ ಮಾಡಿ. ಫಲ ಕೊಟ್ಟು ಮುಗಿದ ಗಿಡವನ್ನು ಕಿತ್ತ ಮೇಲೆ ಆ ಕುಂಡದಲ್ಲಿ ತಕ್ಷಣ ಮತ್ತೊಂದನ್ನು ನೆಡಬೇಡಿ. ಇನ್ನೂ ಚೆನ್ನಾಗಿರುವ ಕೆಲವನ್ನು ಆಸಕ್ತಿಯಿರುವವರಿಗೆ ಕೊಟ್ಟುಬಿಡಿ. ನಿಮ್ಮ ಬೆಳಗಿನ ಬಿಡುವಿಗೆ ಐದಾರು ಕುಂಡಗಳು ಸಾಕು. ಸಂಖ್ಯೆ ಕಡಿಮೆಯಾದಾಗ ಉಳಿದ ಗಿಡಗಳ ಮುಂದೆ ನಿಲ್ಲಲು ಸಮಯ ಸಿಗುತ್ತದೆ, ಮತ್ತು ಕೈತೋಟದ ಸಂತೋಷ ಇರುವುದು ಹೆಚ್ಚಾಗಿ ಆ ನಿಲ್ಲುವುದರಲ್ಲಿಯೇ.

ಎರಡನೆಯದಾಗಿ, ಎಲ್ಲ ಗಿಡಗಳಿಗೂ ಪ್ರತಿದಿನ ನೀರು ಹಾಕಲೇಬೇಕೆಂಬ ನಿಯಮವನ್ನು ಕೈಬಿಡಿ. ಬೆರಳನ್ನು ಮಣ್ಣಿನೊಳಗೆ ಎರಡರಿಂದ ಮೂರು ಸೆಂಟಿಮೀಟರ್ ಇಳಿಸಿ ನೋಡಿ. ಅಲ್ಲಿ ತೇವವಿದ್ದರೆ ಬಹುಪಾಲು ತರಕಾರಿ ಗಿಡಗಳಿಗೆ ಅಂದು ನೀರು ಬೇಕಿಲ್ಲ. ಮಣ್ಣಿನ ಮೇಲೆ ಐದು ಸೆಂಟಿಮೀಟರ್ ದಪ್ಪಕ್ಕೆ ಒಣಗಿದ ಎಲೆ ಅಥವಾ ಹುಲ್ಲಿನ ಹೊದಿಕೆ ಹಾಕಿದರೆ ತೇವ ಬೇಗ ಆರುವುದಿಲ್ಲ. ಹೊದಿಕೆಯನ್ನು ಕಾಂಡಕ್ಕೆ ತಾಗಿಸಬೇಡಿ, ಬುಡ ಕೊಳೆಯುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ನೀರಿನ ಕೊಡವನ್ನು ಕೈಗೆತ್ತಿಕೊಳ್ಳುವ ಮುನ್ನ ಬರಿಗೈಯಲ್ಲಿ ಒಂದು ಸುತ್ತು ಬನ್ನಿ, ಏನನ್ನೂ ಮಾಡದೆ ನೋಡಿ. ಸೌತೆಯ ಬಳ್ಳಿಯೊಂದಿದ್ದರೆ ಅದರ ಕುಡಿಬಳ್ಳಿಯನ್ನು ಗಮನಿಸಿ. ಆಸರೆ ಸಿಗುವ ತನಕ ಅದು ಹೆಚ್ಚುಕಡಿಮೆ ನೇರವಾಗಿ ಗಾಳಿಯಲ್ಲಿ ತಡಕಾಡುತ್ತಿರುತ್ತದೆ. ಕಡ್ಡಿಯೊಂದು ತಾಗಿದೊಡನೆ ತುದಿ ಅದನ್ನು ಸುತ್ತಿಕೊಳ್ಳುತ್ತದೆ. ಅನಂತರ ಉಳಿದ ಭಾಗ ಸುರುಳಿಗಟ್ಟಿ ಬಳ್ಳಿಯನ್ನು ಆಸರೆಯ ಕಡೆಗೆ ಎಳೆದುಕೊಳ್ಳುತ್ತದೆ. ಈ ಸುರುಳಿಯನ್ನು ಕಣ್ಣಿಗೆ ಹತ್ತಿರ ಹಿಡಿದರೆ ಒಂದು ವಿಶೇಷ ಕಾಣುತ್ತದೆ: ಅರ್ಧ ಭಾಗ ಒಂದು ದಿಕ್ಕಿಗೆ ತಿರುಗಿದ್ದರೆ ಉಳಿದ ಅರ್ಧ ವಿರುದ್ಧ ದಿಕ್ಕಿಗೆ ತಿರುಗಿರುತ್ತದೆ, ನಡುವೆ ಒಂದು ಚಿಕ್ಕ ನೇರ ತುಂಡು ಇರುತ್ತದೆ. ಎರಡೂ ತುದಿಗಳು ಬಿಗಿಯಾಗಿ ಹಿಡಿದಿರುವಾಗ ಇಡೀ ಎಳೆ ಒಂದೇ ಕಡೆಗೆ ತಿರುಚಿಕೊಳ್ಳಲಾರದು, ಆದ್ದರಿಂದ ಬಳ್ಳಿ ಈ ದಾರಿ ಹಿಡಿಯುತ್ತದೆ. ಗಾಳಿ ಜೋರಾದಾಗ ಈ ಸುರುಳಿ ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗುವುದರಿಂದ ಬಳ್ಳಿ ಹರಿಯದೆ ಉಳಿಯುತ್ತದೆ. ಇದನ್ನು ಒಮ್ಮೆ ಕಂಡವರು ಮರುದಿನ ತಾವಾಗಿಯೇ ತಾರಸಿಗೆ ಹತ್ತುತ್ತಾರೆ. ನೀರು ಹಾಕುವುದು ಆಗ ಭೇಟಿಯ ಜೊತೆಗೆ ನಡೆದುಹೋಗುವ ಒಂದು ಸಣ್ಣ ಕೆಲಸವಾಗಿರುತ್ತದೆ.

ಪ್ರಶ್ನೆ: ಟೊಮೆಟೊ, ಮೆಣಸಿನ ಬೀಜಗಳನ್ನು ಎಷ್ಟು ಬಾರಿ ಬಿತ್ತಿದರೂ ಸಸಿಗಳು ಮೊಳೆತು ನಾಲ್ಕೈದು ದಿನಗಳಲ್ಲಿ ನೆಲಕ್ಕೆ ಬಾಗಿ ಸಾಯುತ್ತವೆ. ನನ್ನ ಕೈಗುಣವೇ ಸರಿಯಿಲ್ಲವೆಂದು ಮನೆಯವರು ಹೇಳುತ್ತಾರೆ. ನನಗೂ ಹಾಗೆಯೇ ಅನ್ನಿಸತೊಡಗಿದೆ.

ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ನಿಮ್ಮ ವಿವರಣೆಯನ್ನು ಓದಿದರೆ ಇದು ಸಸಿ ಕೊಳೆರೋಗವೆಂದು ತೋರುತ್ತದೆ. ಬಿದ್ದ ಸಸಿಯನ್ನು ಮೆಲ್ಲಗೆ ಎತ್ತಿ ನೋಡಿ. ಮಣ್ಣಿನ ಮಟ್ಟದಲ್ಲಿ ಕಾಂಡ ಕಂದುಬಣ್ಣಕ್ಕೆ ತಿರುಗಿ, ನೀರಿನಿಂದ ನೆನೆದಂತಾಗಿ, ಸಣಕಲಾಗಿದ್ದರೆ ಅನುಮಾನವಿಲ್ಲ. ಪೈಥಿಯಂ, ರೈಜೋಕ್ಟೋನಿಯಾ ಮೊದಲಾದ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ. ಇವು ಮಣ್ಣಿನಲ್ಲಿ ಸಾಮಾನ್ಯವಾಗಿ ಇರುವಂಥವೇ. ಮಣ್ಣು ಸದಾ ಒದ್ದೆಯಾಗಿದ್ದು, ಸಸಿಗಳು ಒತ್ತೊತ್ತಾಗಿ ನಿಂತು, ಗಾಳಿ ಬೆಳಕು ಕಡಿಮೆಯಾದಾಗ ಅವು ಬಲಗೊಳ್ಳುತ್ತವೆ. ಅಂದರೆ ನಿಮ್ಮ ಸಸಿಗಳು ಸತ್ತದ್ದು ನಿರ್ಲಕ್ಷ್ಯದಿಂದಲ್ಲ, ಬಹುಶಃ ಅತಿಯಾದ ಆರೈಕೆಯಿಂದ. ಪ್ರೀತಿಯುಳ್ಳವರೇ ಹೆಚ್ಚಾಗಿ ಹೀಗೆ ನೀರು ಹೆಚ್ಚು ಹಾಕುತ್ತಾರೆ.

ಮುಂದಿನ ಬಾರಿ ತಳದಲ್ಲಿ ರಂಧ್ರಗಳಿರುವ, ಚೆನ್ನಾಗಿ ತೊಳೆದ ತಟ್ಟೆ ಅಥವಾ ಲೋಟಗಳನ್ನು ಬಳಸಿ. ತೋಟದ ಹಳೆಯ ಮಣ್ಣಿನ ಬದಲು ತೆಂಗಿನ ನಾರಿನ ಪುಡಿ ಮತ್ತು ಜರಡಿ ಹಿಡಿದ ಎರೆಗೊಬ್ಬರವನ್ನು ಬೆರೆಸಿ ತುಂಬಿ. ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳಕ್ಕಿಂತ ಕೆಳಗೆ ಹುಗಿಯಬೇಡಿ. ಟೊಮೆಟೊ ಬೀಜಕ್ಕೆ ಅರ್ಧ ಸೆಂಟಿಮೀಟರಿನಷ್ಟು ಆಳ ಸಾಕು. ನೀರನ್ನು ಮೇಲಿನಿಂದ ಸುರಿಯದೆ, ತಟ್ಟೆಯನ್ನು ಸ್ವಲ್ಪ ಹೊತ್ತು ನೀರಿನಲ್ಲಿ ಇರಿಸಿ ತಳದಿಂದ ಹೀರಿಕೊಳ್ಳಲು ಬಿಟ್ಟು, ಮೇಲ್ಮೈ ಆರುವ ತನಕ ಮತ್ತೆ ಕೊಡಬೇಡಿ. ಮೊಳಕೆ ಕಾಣಿಸಿದ ದಿನವೇ ಒಳ್ಳೆಯ ಬೆಳಕಿಗೆ ಇಡಿ. ಮಣ್ಣು 21ರಿಂದ 27 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಟೊಮೆಟೊ ಸಾಮಾನ್ಯವಾಗಿ 5ರಿಂದ 10 ದಿನಗಳಲ್ಲಿ ಮೊಳೆಯುತ್ತದೆ. ಮೆಣಸಿಗೆ ಎರಡು, ಕೆಲವೊಮ್ಮೆ ಮೂರು ವಾರ ಬೇಕಾಗುವುದರಿಂದ ಬೇಗ ನಿರಾಶರಾಗಿ ತಟ್ಟೆಯನ್ನು ಕೆದಕಬೇಡಿ.

ಒಂದು ಮಾತನ್ನು ಸೇರಿಸಬೇಕು. ಎರಡು ತಟ್ಟೆಗಳಲ್ಲಿ ಒಂದೇ ಬೀಜವನ್ನು ಬಿತ್ತಿ, ನೀರಿನ ಕ್ರಮವನ್ನು ಮಾತ್ರ ಬದಲಿಸಿ ನೋಡಿ. ಒಂದರಲ್ಲಿ ಸಸಿಗಳು ಉಳಿದು ಇನ್ನೊಂದರಲ್ಲಿ ಬಿದ್ದರೆ ಕಾರಣ ನಿಮ್ಮ ಕಣ್ಣಮುಂದೆಯೇ ಇರುತ್ತದೆ. ಕೈಗುಣವೆಂದು ಜನ ಹೇಳುವುದು ಬಹುತೇಕ ಇಂಥ ಸಣ್ಣ ಗಮನಗಳ ಮೊತ್ತವನ್ನೇ; ಅದು ಹುಟ್ಟಿನಿಂದ ಬರುವಂಥದ್ದಲ್ಲ, ಕಲಿತು ಬರುವಂಥದ್ದು. ‘ನನ್ನಿಂದಾಗದು’ ಎಂಬ ಮಾತಿನಿಂದ ‘ಇಲ್ಲಿ ಏನಾಯಿತು’ ಎಂಬ ಪ್ರಶ್ನೆಗೆ ಮನಸ್ಸು ಹೊರಳುವುದೇ ಕೈತೋಟ ನಿಮಗೆ ಕೊಡಬಹುದಾದ ಮೊದಲ ಫಲವೆಂದು ನಾನು ನಂಬಿದ್ದೇನೆ, ಅದು ಟೊಮೆಟೊ ಹಣ್ಣಿಗಿಂತ ಮೊದಲೇ ಕೈಗೆ ಬರುತ್ತದೆ.

ಪ್ರಶ್ನೆ: ನಮ್ಮ ಮನೆಯ ಬಾಲ್ಕನಿಗೆ ದಿನಕ್ಕೆ ಮೂರು ಗಂಟೆ ಮಾತ್ರ ಬಿಸಿಲು ಬೀಳುತ್ತದೆ. ತರಕಾರಿಯ ಆಸೆಯನ್ನು ಬಿಡಬೇಕೆ?

ಬಿಡಬೇಕಿಲ್ಲ, ಬೆಳೆಯನ್ನು ಬದಲಿಸಿ. ಟೊಮೆಟೊ, ಬದನೆ, ಬೆಂಡೆಯಂಥ ಕಾಯಿಬಿಡುವ ಗಿಡಗಳಿಗೆ 6ರಿಂದ 8 ಗಂಟೆಗಳ ನೇರ ಬಿಸಿಲು ಬೇಕು. ಪಾಲಕ್, ಮೆಂತ್ಯ, ಕೊತ್ತಂಬರಿ, ಪುದೀನ, ಲೆಟ್ಯೂಸ್ ಮುಂತಾದ ಎಲೆಯ ಬೆಳೆಗಳು ಮೂರು ನಾಲ್ಕು ಗಂಟೆಗಳಲ್ಲಿಯೂ ಬರುತ್ತವೆ, ಬೆಳವಣಿಗೆ ತುಸು ನಿಧಾನವಾಗಬಹುದು. ಹದಿನೈದು ಸೆಂಟಿಮೀಟರ್ ಆಳದ ಕುಂಡ ಸಾಕು. ಕೊತ್ತಂಬರಿಯ ದುಂಡನೆಯ ಕಾಳಿನಲ್ಲಿ ಎರಡು ಬೀಜಗಳಿರುವುದರಿಂದ ಬಿತ್ತುವ ಮುನ್ನ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿಕೊಳ್ಳಿ.

ಪ್ರಶ್ನೆ: ತೋಟಗಾರಿಕೆಯಿಂದ ಮಾನಸಿಕ ಒತ್ತಡ ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇದಕ್ಕೆ ಆಧಾರವಿದೆಯೇ, ಅಥವಾ ಬರಿಯ ಮಾತೇ?

ಆಧಾರವಿದೆ, ಆದರೆ ಅದನ್ನು ಅದರ ಅಳತೆಯಲ್ಲಿಯೇ ಸ್ವೀಕರಿಸಬೇಕು. 2011ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಅಧ್ಯಯನದಲ್ಲಿ ತೋಟಗಾರಿಕೆಯ ಹವ್ಯಾಸವಿದ್ದ 30 ಮಂದಿಗೆ ಮೊದಲು ಒತ್ತಡ ತರುವ ಕೆಲಸವೊಂದನ್ನು ಕೊಟ್ಟು, ಅನಂತರ ಅವರಲ್ಲಿ ಕೆಲವರನ್ನು 30 ನಿಮಿಷ ತೋಟದ ಕೆಲಸಕ್ಕೂ ಉಳಿದವರನ್ನು ಅಷ್ಟೇ ಹೊತ್ತು ಒಳಗೆ ಕುಳಿತು ಓದುವುದಕ್ಕೂ ಬಿಡಲಾಯಿತು. ಒತ್ತಡದ ಸಮಯದಲ್ಲಿ ಏರುವ ಕಾರ್ಟಿಸೋಲ್ ಎಂಬ ಹಾರ್ಮೋನು ಎರಡೂ ಗುಂಪುಗಳಲ್ಲಿ ಇಳಿಯಿತು. ತೋಟದಲ್ಲಿದ್ದವರಲ್ಲಿ ಇಳಿಕೆ ಹೆಚ್ಚಾಗಿತ್ತು, ಅವರ ಮನಸ್ಸಿನ ಉಲ್ಲಾಸವೂ ಪೂರ್ಣವಾಗಿ ಮರಳಿತ್ತು. ಇದು ಸಣ್ಣ ಅಧ್ಯಯನ, ಮತ್ತು ಅದರಲ್ಲಿದ್ದವರು ಮೊದಲೇ ತೋಟವನ್ನು ಇಷ್ಟಪಡುತ್ತಿದ್ದವರು. ಆದ್ದರಿಂದ ಎಲ್ಲರಿಗೂ ಎಲ್ಲ ಕಾಲಕ್ಕೂ ಹೀಗೆಯೇ ಆಗುತ್ತದೆಂದು ಹೇಳುವುದು ಸರಿಯಲ್ಲ.

ನನ್ನ ತಿಳಿವಳಿಕೆಯಲ್ಲಿ ಇದರ ಹಿಂದಿನ ಕಾರಣ ಗಾಢವಾದ ರಹಸ್ಯವೇನಲ್ಲ. ಕಚೇರಿಯ ಕೆಲಸ, ಪರದೆಯ ಮೇಲಿನ ಓದು, ಲೆಕ್ಕಪತ್ರಗಳು ನಮ್ಮ ಗಮನವನ್ನು ಬಲವಂತದಿಂದ ಹಿಡಿದಿಡುತ್ತವೆ. ಕಳೆ ಕೀಳುವಾಗ, ಬಳ್ಳಿ ಕಟ್ಟುವಾಗ ಗಮನ ತಾನಾಗಿಯೇ ಒಂದು ಕಡೆ ಕೂರುತ್ತದೆ, ಕೈಗಳಿಗೆ ಕೆಲಸವಿರುತ್ತದೆ, ಆರಂಭಿಸಿದ್ದು ಮುಗಿದದ್ದು ಕಣ್ಣಿಗೆ ಕಾಣುತ್ತದೆ. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಸ್ಪಷ್ಟವಾಗಿ ಹೇಳಬೇಕು: ನಿದ್ರೆ ಕೆಟ್ಟು, ಊಟ ಸೇರದೆ, ವಾರಗಟ್ಟಲೆ ಮನಸ್ಸು ಕುಸಿದಿದ್ದರೆ ವೈದ್ಯರನ್ನು ಕಾಣಿರಿ. ಕೈತೋಟ ಆ ಚಿಕಿತ್ಸೆಯ ಜೊತೆಗಿರಬಹುದು, ಅದರ ಬದಲಿಗಲ್ಲ.

ಪ್ರಶ್ನೆ: ಮೂಲಂಗಿ, ಬೀಟ್‌ರೂಟ್ ಒತ್ತೊತ್ತಾಗಿ ಮೊಳೆತಿವೆ. ಕೆಲವನ್ನು ಕೀಳಬೇಕೆಂದು ಗೊತ್ತು, ಆದರೆ ನಾನೇ ಬಿತ್ತಿ ಬೆಳೆಸಿದ ಆರೋಗ್ಯವಂತ ಸಸಿಗಳನ್ನು ಕೀಳಲು ಕೈ ಬರುವುದಿಲ್ಲ.

ನಿಮ್ಮ ಪತ್ರ ನನಗೆ ಬಹಳ ಹಿಡಿಸಿತು. ಈ ಹಿಂಜರಿಕೆ ಒಳ್ಳೆಯ ಮನಸ್ಸಿನ ಗುರುತು, ಆದರೂ ಕೀಳಲೇಬೇಕು. ಹಾಗೆಯೇ ಬಿಟ್ಟರೆ ಮಣ್ಣು, ನೀರು, ಬೆಳಕಿಗಾಗಿ ಎಲ್ಲವೂ ಪೈಪೋಟಿಗಿಳಿದು, ಎಲೆಗಳು ಮಾತ್ರ ಉದ್ದಕ್ಕೆ ಬೆಳೆದು, ಮಣ್ಣಿನಡಿಯಲ್ಲಿ ಗೆಡ್ಡೆ ದಪ್ಪವಾಗುವುದಿಲ್ಲ. ಎಲ್ಲವನ್ನೂ ಉಳಿಸಲು ಹೋಗಿ ಯಾವುದನ್ನೂ ಬೆಳೆಯಗೊಡದಂತಾಗುತ್ತದೆ. ಸಣ್ಣ ಜಾತಿಯ ಮೂಲಂಗಿಗೆ ಸುಮಾರು 5 ಸೆಂಟಿಮೀಟರ್, ಬೀಟ್‌ರೂಟಿಗೆ 8ರಿಂದ 10 ಸೆಂಟಿಮೀಟರ್ ಅಂತರ ಇರಲಿ. ಬೀಟ್‌ರೂಟ್‌ನಲ್ಲಿ ನೀವು ಎಷ್ಟೇ ಎಚ್ಚರಿಕೆಯಿಂದ ಬಿತ್ತಿದರೂ ಒತ್ತಾಗುತ್ತದೆ, ಏಕೆಂದರೆ ನಾವು ಬೀಜವೆಂದು ಕರೆಯುವ ಆ ಒರಟು ಗಂಟಿನೊಳಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬೀಜಗಳಿರುತ್ತವೆ.

ಕೀಳುವ ಬದಲು ಚಿಕ್ಕ ಕತ್ತರಿಯಿಂದ ಮಣ್ಣಿನ ಮಟ್ಟಕ್ಕೆ ಕತ್ತರಿಸಿ; ಉಳಿಯುವ ಸಸಿಯ ಬೇರು ಅಲುಗಾಡುವುದಿಲ್ಲ, ನಿಮ್ಮ ಮನಸ್ಸಿಗೂ ಅದು ಸ್ವಲ್ಪ ಹಗುರವೆನಿಸೀತು. ಕತ್ತರಿಸಿದ ಮೂಲಂಗಿ, ಬೀಟ್‌ರೂಟ್ ಸಸಿಗಳ ಎಲೆಗಳನ್ನು ತೊಳೆದು ಅಡುಗೆಗೆ ಬಳಸಬಹುದು, ಏನೂ ವ್ಯರ್ಥವಾಗುವುದಿಲ್ಲ. ಟೊಮೆಟೊ, ಬದನೆಯ ಸಸಿಗಳನ್ನು ಮಾತ್ರ ತಿನ್ನಬಾರದು, ಅವನ್ನು ಗೊಬ್ಬರದ ಗುಂಡಿಗೆ ಸೇರಿಸಿ.

ಒಪ್ಪಿಕೊಂಡ ಕೆಲಸಗಳಲ್ಲಿ ಯಾವುದನ್ನೂ ಬಿಡಲಾಗದೆ ಎಲ್ಲವನ್ನೂ ಅರೆಬರೆ ಮಾಡುತ್ತಿರುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅಂಥವರಿಗೆ ಈ ಕತ್ತರಿಯ ಕೆಲಸ ಒಳ್ಳೆಯ ಅಭ್ಯಾಸವೆಂದು ನನಗೆ ಅನ್ನಿಸುತ್ತದೆ. ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಉಳಿಸಿಕೊಳ್ಳುವುದು ಸುಲಭ. ಒಳ್ಳೆಯವುಗಳ ನಡುವೆಯೇ ಆರಿಸಿಕೊಳ್ಳುವ ಧೈರ್ಯ ನಿಧಾನವಾಗಿ ಬರುತ್ತದೆ. ಮೂರು ವಾರಗಳ ಬಳಿಕ ಉಳಿಸಿಕೊಂಡ ಮೂಲಂಗಿಯ ಭುಜ ಮಣ್ಣಿನಿಂದ ಮೇಲೆದ್ದು ಕಾಣಿಸಿದಾಗ ನಿಮ್ಮ ನಿರ್ಧಾರ ಸರಿಯಾಗಿತ್ತೆಂದು ಯಾರೂ ಹೇಳಬೇಕಾಗುವುದಿಲ್ಲ.

ಪ್ರಶ್ನೆ: ಕುಂಡ, ಮಣ್ಣು, ಬೀಜ, ಗೊಬ್ಬರಕ್ಕೆ ಆದ ಖರ್ಚನ್ನು ಲೆಕ್ಕ ಹಾಕಿದರೆ ನಾನು ಬೆಳೆದ ತರಕಾರಿ ಅಂಗಡಿಯದಕ್ಕಿಂತ ದುಬಾರಿಯಾಗಿದೆ. ಇದು ದಡ್ಡತನವಲ್ಲವೇ ಎಂದು ಮನೆಯಲ್ಲಿ ಕೇಳುತ್ತಾರೆ.

ಮೊದಲ ವರ್ಷ ಹಾಗಾಗುವುದು ಸಹಜ. ಕುಂಡ ಮತ್ತು ಮಣ್ಣು ಹಲವು ವರ್ಷ ಬಾಳುವ ಖರ್ಚು, ಅದನ್ನು ಒಂದೇ ಬೆಳೆಯ ಮೇಲೆ ಹೇರಬಾರದು. ಅಡುಗೆಮನೆಯ ಸಿಪ್ಪೆ, ಒಣಗಿದ ಎಲೆಗಳಿಂದ ಗೊಬ್ಬರ ಮಾಡಿಕೊಂಡರೆ ಮುಂದಿನ ಖರ್ಚು ಬಹಳ ಇಳಿಯುತ್ತದೆ. ಹಸಿ ಕಸಕ್ಕೆ ಅದರ ಎರಡು ಮೂರು ಪಟ್ಟು ಗಾತ್ರದಷ್ಟು ಒಣ ಎಲೆ ಸೇರಿಸಿ, ಹಿಂಡಿದ ಬಟ್ಟೆಯಷ್ಟು ತೇವವಿರಿಸಿ, ವಾರಕ್ಕೊಮ್ಮೆ ತಿರುವಿದರೆ ವಾಸನೆ ಬರುವುದಿಲ್ಲ. ದುರ್ವಾಸನೆ ಬಂದರೆ ನೀರು ಹೆಚ್ಚಾಗಿದೆ ಅಥವಾ ಗಾಳಿ ಕಡಿಮೆಯಾಗಿದೆ ಎಂದರ್ಥ, ಇನ್ನಷ್ಟು ಒಣ ಎಲೆ ಬೆರೆಸಿ. ಹಣ ಉಳಿಸುವುದೇ ಗುರಿಯಾದರೆ ಮತ್ತೆಮತ್ತೆ ಕೊಯ್ಯಬಹುದಾದ ಸೊಪ್ಪು, ಪುದೀನ, ಮೆಣಸಿನಕಾಯಿಗಳನ್ನು ಬೆಳೆಯಿರಿ. ಆಲೂಗಡ್ಡೆ, ಈರುಳ್ಳಿಗಳಿಗೆ ಕುಂಡದ ಜಾಗವನ್ನು ಕೊಡಬೇಡಿ. ಆದರೆ ಓದು, ಸಂಗೀತ, ವ್ಯಾಯಾಮಗಳಿಗೆ ಆಗುವ ಖರ್ಚನ್ನು ಯಾರೂ ಕಿಲೋಗ್ರಾಮಿನ ಲೆಕ್ಕದಲ್ಲಿ ಕೇಳುವುದಿಲ್ಲ. ಕೈತೋಟವನ್ನೂ ಆ ಸಾಲಿನಲ್ಲಿ ಇರಿಸಿ ನೋಡಬೇಕೆಂದು ಮನೆಯವರಿಗೆ ಸಮಾಧಾನದಿಂದ ಹೇಳಿ.

ಪ್ರಶ್ನೆ: ನನ್ನ ಎಂಟು ವರ್ಷದ ಮಗಳು ಬೀಜ ಬಿತ್ತುವಾಗ ಬಹಳ ಉತ್ಸಾಹ ತೋರಿಸುತ್ತಾಳೆ, ಎರಡೇ ದಿನಗಳಲ್ಲಿ ಮರೆಯುತ್ತಾಳೆ. ಅವಳಿಗೆ ತಾಳ್ಮೆ ಕಲಿಸುವುದು ಹೇಗೆ?

ಎಂಟು ವರ್ಷದ ಮಗುವಿಗೆ ಎರಡು ದಿನವೇ ದೊಡ್ಡ ಕಾಲ. ಬೇಗ ಮೊಳೆಯುವ ಮೂಲಂಗಿ, ಹುರುಳಿಕಾಯಿಯ ಬೀಜಗಳನ್ನು ಕೊಡಿ. ಮೂಲಂಗಿ ಮೂರರಿಂದ ಐದು ದಿನಗಳಲ್ಲಿ ತಲೆ ಎತ್ತುತ್ತದೆ, ಸಣ್ಣ ಜಾತಿಯದಾದರೆ ತಿಂಗಳೊಳಗೆ ಕೈಗೆ ಬರುತ್ತದೆ. ಅವಳದೇ ಆದ ಒಂದು ಕುಂಡವಿರಲಿ, ಅದರ ನಿರ್ಧಾರಗಳೂ ಅವಳವೇ ಆಗಿರಲಿ. ಅವಳು ನೀರು ಹಾಕಲು ಮರೆತರೆ ನೀವು ಗುಟ್ಟಾಗಿ ಹಾಕಬೇಡಿ. ಗಿಡ ಬಾಡಿದ್ದನ್ನು ಕಂಡು, ನೀರು ಹಾಕಿದ ಒಂದೆರಡು ಗಂಟೆಗಳಲ್ಲಿ ಎಲೆಗಳು ಮತ್ತೆ ನೆಟ್ಟಗಾಗುವುದನ್ನು ಅವಳೇ ಕಂಡರೆ ನಿಮ್ಮ ಉಪದೇಶಕ್ಕಿಂತ ಹೆಚ್ಚಿನದನ್ನು ಕಲಿಯುತ್ತಾಳೆ.

ಹುರುಳಿಕಾಯಿಯ ಗಿಡ ಹೂಬಿಡುವ ಹೊತ್ತಿಗೆ ಒಂದನ್ನು ಬೇರುಸಹಿತ ಮೆಲ್ಲಗೆ ಎತ್ತಿ ಮಣ್ಣು ತೊಳೆದು ತೋರಿಸಿ. ಬೇರಿನ ಮೇಲೆ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ತಿಳಿಗುಲಾಬಿ ಬಣ್ಣ ಕಾಣುತ್ತದೆ. ಗಂಟಿನೊಳಗಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ ಎಂಬುದರ ಗುರುತು ಆ ಬಣ್ಣ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಒಂದು ವಸ್ತುವಿನಿಂದ ಅದು ಬರುತ್ತದೆ. ಗಂಟು ಸಿಗದಿದ್ದರೂ ಚಿಂತೆಯಿಲ್ಲ, ಏಕಿಲ್ಲ ಎಂದು ಅವಳು ಕೇಳಿದರೆ ಅದೂ ಒಳ್ಳೆಯ ಆರಂಭವೇ. ತಾಳ್ಮೆಯನ್ನು ನೇರವಾಗಿ ಕಲಿಸುವುದು ಕಷ್ಟ. ಕುತೂಹಲ ಗಟ್ಟಿಯಾದಲ್ಲಿ ಅದು ಹಿಂದೆಯೇ ಬರುತ್ತದೆ. ಮಣ್ಣು ಮುಟ್ಟಿದ ಬಳಿಕ ಕೈಗಳನ್ನು ಸಾಬೂನಿನಿಂದ ತೊಳೆಯುವ ಅಭ್ಯಾಸವನ್ನು ಮಾತ್ರ ಮೊದಲ ದಿನದಿಂದಲೇ ಮಾಡಿಸಿ.

ಪ್ರಶ್ನೆ: ತೋಟದ ದಿನಚರಿ ಬರೆಯಬೇಕೆಂದು ಹಲವರು ಹೇಳುತ್ತಾರೆ. ಅದರಲ್ಲಿ ಏನು ಬರೆಯಬೇಕು? ನಾನು ನಿವೃತ್ತ, ಸಮಯ ಬೇಕಾದಷ್ಟಿದೆ.

ಖಂಡಿತ ಬರೆಯಿರಿ. ಬಿತ್ತಿದ ದಿನ, ಮೊಳೆತ ದಿನ, ಮೊದಲ ಹೂ, ಮೊದಲ ಕೊಯ್ಲು, ಹವೆಯ ಒಂದು ಸಾಲು, ನೀವು ಏನನ್ನು ಬದಲಿಸಿದಿರಿ ಎಂಬುದು, ಇಷ್ಟು ಸಾಕು. ಕಂಡದ್ದನ್ನು ಮತ್ತು ಊಹಿಸಿದ್ದನ್ನು ಬೇರೆಬೇರೆ ಬರೆಯಿರಿ. ‘ಗೊಬ್ಬರ ಸಾಲದೆ ಎಲೆ ಹಳದಿಯಾಗಿದೆ’ ಎಂಬುದು ಊಹೆ. ‘ಕೆಳಗಿನ ಎಲೆಗಳು ಹಳದಿಯಾಗಿವೆ, ಮೇಲಿನವು ಹಸಿರಾಗಿವೆ’ ಎಂಬುದು ಕಂಡದ್ದು. ಎರಡನೆಯ ಬಗೆಯ ವಾಕ್ಯ ಮುಂದೆ ಉಪಯೋಗಕ್ಕೆ ಬರುತ್ತದೆ. ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆಯನ್ನು ಶಂಕಿಸಬಹುದು, ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ ಕಬ್ಬಿಣದ ಕೊರತೆಯನ್ನು ಶಂಕಿಸಬಹುದು. ಅಂದು ಕಂಡದ್ದನ್ನು ಹಾಗೆಯೇ ಬರೆದಿಟ್ಟಿದ್ದರೆ ಮಾತ್ರ ಈ ವ್ಯತ್ಯಾಸ ತಿಳಿಯುತ್ತದೆ.

ಗ್ರೆಗೋರ್ ಮೆಂಡೆಲ್ ಎಂಬ ಪಾದ್ರಿ 1856ರಿಂದ 1863ರವರೆಗೆ ಈಗಿನ ಚೆಕ್ ದೇಶದ ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ, ಕಾಳಿನ ಬಣ್ಣ, ಆಕಾರ, ಗಿಡದ ಎತ್ತರಗಳನ್ನು ಎಣಿಸಿ ಬರೆದಿಟ್ಟರು. 1866ರಲ್ಲಿ ಪ್ರಕಟವಾದ ಆ ಬರಹದ ಬೆಲೆ ಜಗತ್ತಿಗೆ ತಿಳಿದದ್ದು 1900ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಇಂದಿನ ತಳಿವಿಜ್ಞಾನ ಅಲ್ಲಿಂದ ಬೆಳೆಯಿತು. ನಾವು ವಿಜ್ಞಾನಿಗಳಾಗಬೇಕೆಂದು ಇದನ್ನು ಹೇಳುತ್ತಿಲ್ಲ. ಒಂದು ಸಾಮಾನ್ಯ ತರಕಾರಿ ಗಿಡವನ್ನು ವರ್ಷಗಟ್ಟಲೆ ನೋಡಿದರೂ ನೋಡುವುದು ಮುಗಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ. ನಿಮ್ಮ ಬಿಡುವಿನ ಸಮಯಕ್ಕೆ ಇದು ತಕ್ಕ ಕೆಲಸ.

ಪ್ರಶ್ನೆ: ಸಿಹಿಗುಂಬಳದ ಬಳ್ಳಿ ತುಂಬ ಹೂಗಳಿವೆ, ಒಂದೂ ಕಾಯಿಯಾಗದೆ ಉದುರುತ್ತಿವೆ. ಬಹಳ ಬೇಸರವಾಗಿದೆ.

ಬೇಸರ ಬೇಡ, ಬಳ್ಳಿ ಆರೋಗ್ಯವಾಗಿಯೇ ಇರಬಹುದು. ಕುಂಬಳದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆ. ಆರಂಭದಲ್ಲಿ ಬರುವವು ಸಾಮಾನ್ಯವಾಗಿ ಗಂಡು ಹೂಗಳೇ, ಅವು ಅರಳಿ ಉದುರುವುದು ಸಹಜ. ಹೂವಿನ ಹಿಂಭಾಗವನ್ನು ನೋಡಿ: ತೆಳ್ಳಗಿನ ತೊಟ್ಟು ಮಾತ್ರ ಇದ್ದರೆ ಗಂಡು, ಪುಟ್ಟ ದುಂಡನೆಯ ಕಾಯಿ ಇದ್ದರೆ ಹೆಣ್ಣು. ಹೆಣ್ಣು ಹೂಗಳು ಬಂದ ಮೇಲೂ ಉದುರಿದರೆ ಜೇನುನೊಣಗಳು ಸಾಕಷ್ಟು ಬರುತ್ತಿಲ್ಲವೆಂದು ತಿಳಿದು ಆ ಕೆಲಸವನ್ನು ನೀವೇ ಮಾಡಬಹುದು. ಹೂಗಳು ಮುಂಜಾನೆ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುವುದರಿಂದ ಬೆಳಿಗ್ಗೆಯೇ ಹೋಗಿ, ಆಗತಾನೇ ಅರಳಿದ ಗಂಡು ಹೂವೊಂದನ್ನು ಕಿತ್ತು ದಳಗಳನ್ನು ತೆಗೆದು, ಅದರ ನಡುವಿನ ಪರಾಗವನ್ನು ಹೆಣ್ಣು ಹೂವಿನ ನಡುವೆ ಪರಾಗವನ್ನು ಹಿಡಿಯುವ ಭಾಗವಾದ ಶಲಾಕಾಗ್ರಕ್ಕೆ ಎಲ್ಲ ಕಡೆಯೂ ತಾಗುವಂತೆ ಮೃದುವಾಗಿ ಸವರಿ. ತೊಟ್ಟಿಗೆ ಒಂದು ದಾರ ಕಟ್ಟಿ ಗುರುತಿಡಿ. ಪರಾಗ ಕೂಡಿದ್ದರೆ ನಾಲ್ಕೈದು ದಿನಗಳಲ್ಲಿ ಪುಟ್ಟ ಕಾಯಿ ಉಬ್ಬತೊಡಗುತ್ತದೆ. ಹಳದಿಗಟ್ಟಿ ಮೆತ್ತಗಾದರೆ ಮುಂದಿನ ಹೆಣ್ಣು ಹೂವಿಗೆ ಇನ್ನಷ್ಟು ಮುಂಜಾನೆ ಹೋಗಿ ಪ್ರಯತ್ನಿಸಿ.